ಹಾಜರಿ ಪುಸ್ತಕದಲ್ಲಿ ಕಾಣದ ಮಗು

ದೀಪಾವಳಿಯ ಆಸುಪಾಸಿನಲ್ಲಿ ನೀವು ಎಂದಾದರೂ ಚಳ್ಳಕೆರೆಯಿಂದ ತಳುಕು, ಹಾನಗಲ್ ಮಾರ್ಗವಾಗಿ ಮೊಳಕಾಲ್ಮೂರಿನತ್ತ ಪ್ರಯಾಣ ಮಾಡಿದ್ದೀರಾ? ಮಳೆ ಕೈಕೊಡದ ವರ್ಷವಾದರೆ ಇಕ್ಕೆಲಗಳಲ್ಲೂ ಶೇಂಗಾ ಹೊಲಗಳು. ಮನೆಮಂದಿಯೆಲ್ಲ ಸಾಲು ಹಿಡಿದು ಗಿಡ ಕೀಳುತ್ತಿರುತ್ತಾರೆ. ಅವರ ನಡುವೆ ಶಾಲೆಯ ಸಮವಸ್ತ್ರದ ಅಂಗಿಯನ್ನೇ ತೊಟ್ಟ ಒಂದೆರಡು ಮಕ್ಕಳೂ ಕಣ್ಣಿಗೆ ಬೀಳಬಹುದು. ಅದೇ ಹೊತ್ತಿಗೆ ಊರಿನ ಪುಟ್ಟ ಶಾಲೆಯಲ್ಲಿ ಹಾಜರಿ ಕೂಗುತ್ತಿರುತ್ತಾರೆ. ಒಂದು ಹೆಸರಿಗೆ ಉತ್ತರವಿಲ್ಲ. ಪಕ್ಕದ ಮಗು ಹೇಳುತ್ತದೆ: "ಹೊಲಕ್ಕೆ ಹೋಗ್ಯಾನೆ ಸಾರ್."

ಆ ಮಗು ಮಾಡಿದ್ದು ತಪ್ಪೇ?

ಅವಸರದಿಂದ ಉತ್ತರಿಸಬೇಡಿ. ಶೇಂಗಾ ಬೆಳೆ ಕಾಯುವುದಿಲ್ಲ. ಬಿತ್ತಿದ ಸುಮಾರು 110 ದಿನಗಳಿಗೆ ಕಾಯಿ ಬಲಿಯುತ್ತದೆ. ಆಗ ನೆಲ ಒಣಗಿ ಗಟ್ಟಿಯಾದರೆ ಗಿಡ ಮಾತ್ರ ಕೈಗೆ ಬಂದು ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಮಳೆ ಹಿಡಿದರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ. ನಾಡಿನಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಲ್ಲಿ ವರ್ಷದ ಅನ್ನ ಈ ನಾಲ್ಕಾರು ದಿನಗಳಲ್ಲಿ ತೀರ್ಮಾನವಾಗುತ್ತದೆ. ಎಲ್ಲರ ಹೊಲವೂ ಒಟ್ಟಿಗೇ ಬಂದಾಗ ಕೂಲಿಯಾಳು ಸಿಗುವುದಿಲ್ಲ. "ಮಗಾ, ಎರಡು ದಿನ ಬಾರೋ" ಎಂದು ತಾಯಿ ಕರೆದರೆ ಮಗ ಏನೆನ್ನಬೇಕು?

ತಂದೆತಾಯಿಯ ಮಾತು ಕೇಳಬೇಕೆಂಬ ಪಾಠ ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗೆ ವಿಧೇಯರಾಗಿರಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂಬುದು ಅಲ್ಲಿಯ ಬೋಧೆಯ ಸಾರ. ಮನೆಯನ್ನೂ ಶಾಲೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆದರೆ ಅವೆರಡೂ ಒಂದೇ ಬೆಳಿಗ್ಗೆ ಎರಡು ದಿಕ್ಕಿಗೆ ಕರೆದರೆ ಕಿರಿಯರು ಯಾರ ಮಾತು ಕೇಳಬೇಕೆಂದು ಬಂಡೆ ಹೇಳುವುದಿಲ್ಲ.

ಆ ಪ್ರಶ್ನೆಯನ್ನು ಮಗುವಿನ ಮುಂದೆ ಇಡುವುದೇ ನಮ್ಮ ಅನ್ಯಾಯವೆಂದು ನನಗೆ ತೋರುತ್ತದೆ. ಗೈರುಹಾಜರಾದುದಕ್ಕೆ ತರಗತಿಯ ಮುಂದೆ ಬೈದಾಗ ಮಗುವಿಗೆ ಕೇಳಿಸುವುದು ತನ್ನ ತಾಯಿಯ ಮೇಲಿನ ದೂರು. ತನಗಾಗಿಯೇ ದುಡಿಯುವ ತಾಯಿಯ ವಿಷಯದಲ್ಲಿ ಅದು ನಾಚಿಕೊಳ್ಳಬೇಕಾಗುತ್ತದೆ.

ಹಾಗೆಂದು ಹೊಲವೂ ಒಂದು ಪಾಠಶಾಲೆಯೇ ಎಂದು ಪಟ್ಟಣದಲ್ಲಿ ಕುಳಿತು ಬರೆದುಬಿಡುವುದೂ ಸರಿಯಲ್ಲ. ಹಾಗೆ ಬರೆಯುವವರು ತಮ್ಮ ಮಕ್ಕಳನ್ನು ಆ ಪಾಠಶಾಲೆಗೆ ಕಳಿಸುವುದಿಲ್ಲ! ಎರಡು ದಿನವೆಂದು ಹೋದದ್ದು ಎಂಟಾಗುತ್ತದೆ. ಅಷ್ಟರಲ್ಲಿ ಭಾಗಾಕಾರ ಮುಗಿದು ಭಿನ್ನರಾಶಿ ಆರಂಭವಾಗಿರುತ್ತದೆ. ಮರಳಿ ಬಂದ ಮಗುವಿಗೆ ಏನೂ ತಿಳಿಯದೆ, ಒಂಬತ್ತನೆಯ ದಿನ ಅದು ತಾನಾಗಿಯೇ ಹೊಲದ ದಾರಿ ಹಿಡಿಯುತ್ತದೆ. ಹೆಣ್ಣುಮಗುವಿನ ಪಾಡು ಇನ್ನೂ ಕಷ್ಟ. ಹೊಲದ ಕೆಲಸ ಮುಗಿದರೂ ಕಂಕುಳಿನ ಕೂಸು ಇಳಿಯುವುದಿಲ್ಲ. ಮಗ್ಗದ ಮನೆಗಳಲ್ಲಂತೂ ಸುಗ್ಗಿಗೆ ಕೊನೆಯೇ ಇಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ವರ್ಷವಿಡೀ ನೂಲು ಸುತ್ತಬೇಕು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ, ಶಾಲೆಯ ವೇಳೆ ಮುಗಿದ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸ ಹೊಲಗೆಲಸಗಳಲ್ಲಿ ಮಕ್ಕಳು ಮನೆಯವರಿಗೆ ನೆರವಾಗಬಹುದೆನ್ನುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದಸರಾ ರಜೆ ತಾರೀಖು ನೋಡಿಕೊಂಡು ಬರುತ್ತದೆ, ಬೆಳೆ ಮಳೆ ನೋಡಿಕೊಂಡು ಬರುತ್ತದೆ. ಜೂನ್ ಕೊನೆಗೆ ಬಿತ್ತಿದರೆ ಕಟಾವು ದಸರೆಗೆ ಕೂಡಿಬಂದೀತು. ಜುಲೈ ಕೊನೆಗೆ ಬಿತ್ತಿದರೆ ನವೆಂಬರ್, ಆಗ ರಜೆ ಮುಗಿದಿರುತ್ತದೆ. ಶಾಲಾ ಪಂಚಾಂಗವನ್ನು ನಿರ್ಧರಿಸುವ ಹೊಣೆಯನ್ನು ಶಿಕ್ಷಣ ಹಕ್ಕು ಕಾಯಿದೆ ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಊರಿನ ಹಿರಿಯರು ನಾಯಕನಹಟ್ಟಿ ತೇರಿನ ದಿನವನ್ನು ಬಾಯಿಪಾಠವಾಗಿ ಬಲ್ಲರು. ಶಾಲೆಯ ಪಂಚಾಂಗದ ಬಗ್ಗೆ ತಾವೂ ಮಾತನಾಡಬಹುದೆಂದು ಅವರಲ್ಲಿ ಎಷ್ಟು ಮಂದಿಗೆ ಅನಿಸಿದೆ?

ಊರಿನವರು ಮಾಡಬಹುದಾದುದು ಇನ್ನೂ ಒಂದಿದೆ. ಮುಯ್ಯಾಳಿನ ಪದ್ಧತಿ ನಮ್ಮ ರೈತರಿಗೆ ಗೊತ್ತಿರುವುದೇ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯ ಹೊಲವನ್ನು ಮೊದಲು ಮುಗಿಸೋಣವೆಂದು ನೆರೆಹೊರೆಯವರು ಮಾತಾಡಿಕೊಂಡರೆ ಖರ್ಚೇನೂ ಇಲ್ಲ.

ಮೇಷ್ಟ್ರ ಪಾಲಿಗೂ ಕೆಲಸವಿದೆ. ಗಿಡ ಕೀಳುವುದು ಮುಗಿದು ಮಗು ಮರಳುವಾಗ ಅದರ ಜೇಬಿನಲ್ಲಿ ಒಂದು ಹಿಡಿ ಹಸಿ ಕಾಯಿ ಇರುತ್ತದೆ. ಅದನ್ನು ಇಸಿದುಕೊಂಡು, ಎಷ್ಟು ಚೀಲ ಆಯಿತೆಂದು ಕೇಳಿ, ತಪ್ಪಿಹೋದ ಲೆಕ್ಕವನ್ನು ಸಂಜೆ ಅರ್ಧ ಗಂಟೆ ಕೂರಿಸಿ ಹೇಳಿಕೊಟ್ಟರೆ, ಮುಂದಿನ ವರ್ಷ ಅದೇ ತಂದೆ ಮಗುವನ್ನು ಎಂಟು ದಿನದ ಬದಲು ಎರಡೇ ದಿನ ಇಟ್ಟುಕೊಂಡಾನು.