ಮನೆಯ ಅಳತೆ, ಇಚ್ಛೆಯ ಅಳತೆ

ಶ್ರಾವಕನ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಕೊನೆಯದು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ತಾನೇ ಒಂದು ಮೇರೆಯನ್ನು ಗೊತ್ತುಪಡಿಸಿ, ಅದರಾಚೆಗೆ ಆಸೆಪಡದಿರುವುದೇ ಈ ವ್ರತ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ವಸ್ತುಗಳನ್ನು ಎಣಿಸುವುದು ಸುಲಭ. ಇಚ್ಛೆಯನ್ನು ಅಳೆಯುವುದು ಕಠಿಣ. ಇಂದಿನ ಮಹಾನಗರಗಳ ಮನೆಗಳಲ್ಲಿ ಈ ಕಾಠಿಣ್ಯವು ಸ್ಪಷ್ಟವಾಗಿ ಕಾಣುತ್ತದೆ.

ಮುಂಬಯಿಯಲ್ಲಿ ಒಂದೇ ಕುಟುಂಬದ ನಿವಾಸವಾಗಿ 27 ಅಂತಸ್ತುಗಳ ಆಂಟಿಲಿಯಾ ನಿಂತಿದೆ. ಬೆಂಗಳೂರಿನಲ್ಲಿಯೂ ಗಗನಚುಂಬಿ ಕಟ್ಟಡಗಳ ಮೇಲಂತಸ್ತಿನ ಮನೆಗಳು ಕೋಟಿಗಟ್ಟಲೆ ಬೆಲೆಗೆ ಮಾರಾಟವಾಗುತ್ತವೆ. ಅಂಥ ಮನೆಗಳು ಕೆಲವರಿಗೇ ಮೀಸಲಾದರೂ ಅವುಗಳ ಚಿತ್ರಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ನಿನ್ನೆಯವರೆಗೆ ಸಾಕೆನಿಸಿದ್ದ ಹಜಾರವು ಇಂದು ಕಿರಿದಾಗಿ ತೋರುತ್ತದೆ. ಗಟ್ಟಿಯಾಗಿಯೇ ಇರುವ ನೆಲವನ್ನು ಕಿತ್ತು ಇಟಲಿಯ ಅಮೃತಶಿಲೆಯನ್ನು ಹಾಸುವ ಮಾತು ಏಳುತ್ತದೆ. ಸಮಂತಭದ್ರರು ಈ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳೊಡನೆ ವಿಸ್ಮಯವನ್ನೂ ಎಣಿಸಿದ್ದಾರೆ. ಪರರ ವೈಭವಕ್ಕೆ ಬೆರಗಾಗುವುದೆಂದು ಅದನ್ನು ಅರ್ಥೈಸುವುದುಂಟು. ಕೈ ಏನನ್ನೂ ಕೊಳ್ಳುವ ಮೊದಲೇ ಕಣ್ಣು ಮೇರೆಯನ್ನು ದಾಟಿರುತ್ತದೆ.

ಎಣಿಕೆಯನ್ನು ಉಳಿಸಿಕೊಂಡು ವ್ರತವನ್ನು ಕಳೆದುಕೊಳ್ಳುವ ದಾರಿಯೂ ಉಂಟು. ಒಂದೇ ಮನೆಯೆಂದು ನಿಯಮ ಮಾಡಿದವನು ಪಕ್ಕದ ಫ್ಲ್ಯಾಟನ್ನೂ ಕೊಂಡು ನಡುಗೋಡೆಯನ್ನು ಒಡೆಸಿದರೆ, ಲೆಕ್ಕಕ್ಕೆ ಮನೆ ಒಂದೇ. ಇಚ್ಛೆ ಮಾತ್ರ ಎರಡಾಗಿದೆ.

ಕೆಲವೇ ವಸ್ತುಗಳು, ಬಿಳಿಯ ಗೋಡೆ, ಬರಿದಾದ ವಿಶಾಲ ಕೊಠಡಿ ಇವೇ ಈಚಿನ ಅಲಂಕಾರದ ರೀತಿ. ಇದನ್ನು ಮಿನಿಮಲಿಸಂ ಎನ್ನುತ್ತಾರೆ. ಇದು ಅಪರಿಗ್ರಹಕ್ಕೆ ಸಮೀಪವಲ್ಲವೇ ಎಂಬ ಪ್ರಶ್ನೆ ಸಹಜ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೂರ್ಛೆಯನ್ನೇ, ಎಂದರೆ ಮಮತ್ವವನ್ನೇ ಪರಿಗ್ರಹವೆಂದಿದ್ದಾರೆ. ಬರಿದಾದ ಕೊಠಡಿಯ ನೆಲದಲ್ಲಿ ಒಂದು ಗೀರು ಬಿದ್ದುದಕ್ಕೆ ಒಡೆಯನ ನಿದ್ರೆ ಕೆಡುವುದಾದರೆ, ಆ ಕೊಠಡಿ ಬರಿದಾಗಿಲ್ಲ, ಮಮತ್ವದಿಂದ ತುಂಬಿದೆ. ಹಳೆಯ ಪೆಟ್ಟಿಗೆ, ಪಾತ್ರೆಗಳು ಕಿಕ್ಕಿರಿದ ಮನೆಯಲ್ಲಿಯೂ ನಿರ್ಮಮನಾಗಿ ಬಾಳುವವನು ಇರಬಲ್ಲನು.

ಅಹಿಂಸೆಯ ದೃಷ್ಟಿಯಿಂದಲೂ ವಿಚಾರಿಸಬೇಕು. ಚರ್ಮದ ಸೋಫಾ, ರೇಷ್ಮೆಯ ಜಮಖಾನಗಳ ಹಿಂದಿರುವ ಜೀವಹಾನಿಯನ್ನು ಶ್ರಾವಕನು ಬಲ್ಲನು. ಕಾಣದ ಹಾನಿಯೂ ಇದೆ. ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕ್ವಾರ್ಟ್ಜ್ ಶಿಲೆಯನ್ನು ಕೊಯ್ಯುವಾಗ ಏಳುವ ಸೂಕ್ಷ್ಮ ಸಿಲಿಕಾ ಧೂಳಿನಿಂದ ಕೆಲಸಗಾರರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾಗುತ್ತಾರೆ. ಈ ಕಾರಣದಿಂದಲೇ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಅಂಥ ಶಿಲೆಯ ತಯಾರಿಕೆ, ಪೂರೈಕೆ ಮತ್ತು ಜೋಡಣೆಯನ್ನು ನಿಷೇಧಿಸಿತು. ಶೋಭೆಗಾಗಿ ಕಾರ್ಮಿಕರಿಗೆ ಉದ್ಯೋಗ ದೊರೆಯುವುದು ನಿಜ. ಆದರೆ ಅವರ ಉಸಿರನ್ನೇ ಬೆಲೆಯಾಗಿ ತೆತ್ತ ಶೋಭೆ ಶೋಭೆಯಲ್ಲ.

ಗೃಹಸ್ಥನು ಮುನಿಯಲ್ಲ. ಅವನಿಗೆ ಮನೆ ಬೇಕು. ಅದು ಶುಚಿಯಾಗಿ, ಅಂದವಾಗಿ ಇರುವುದು ದೋಷವಲ್ಲ. ಮೇರೆಯನ್ನು ಯಾವಾಗ ಗೊತ್ತುಪಡಿಸಿದನು ಎಂಬುದೇ ಮುಖ್ಯ. ಅಲಂಕಾರದ ಕುಶಲಿಯನ್ನು ಕರೆಸುವ ಮೊದಲೇ ಹಣವನ್ನೂ ಸ್ಥಳವನ್ನೂ ನಿಯಮಿಸಿದರೆ ಅದು ವ್ರತ. ಮನೆ ಮುಗಿದ ಮೇಲೆ ಇಷ್ಟೇ ಸಾಕೆಂದರೆ ಅದು ಬರಿಯ ದಣಿವು. ಜೀವಮಾನದ ಯಮವು ಕಷ್ಟವೆನಿಸಿದವರಿಗೆ ಭೋಗೋಪಭೋಗ ಪರಿಮಾಣದಲ್ಲಿ ಪಕ್ಷ, ಮಾಸ, ಋತುಗಳ ಕಾಲಮಿತಿಯ ನಿಯಮವನ್ನು ಆಚಾರ್ಯರು ಹೇಳಿದ್ದಾರೆ. ಈ ಚಾತುರ್ಮಾಸ ಮುಗಿಯುವವರೆಗೆ ಮನೆಗೆ ಹೊಸ ಸಾಮಾನು ಬೇಡವೆಂಬ ನಿಯಮವನ್ನು ಯಾವ ಕುಟುಂಬವೂ ನಡೆಸಬಲ್ಲದು.

ಸಮಂತಭದ್ರರು ಹೇಳಿದ ನಾಲ್ಕು ವಿಧದ ದಾನಗಳಲ್ಲಿ ಆಹಾರ, ಔಷಧ, ಉಪಕರಣಗಳೊಡನೆ ಆವಾಸವೂ ಸೇರಿದೆ. ತನ್ನ ಮನೆಗೆ ಮೇರೆ ಹಾಕಿಕೊಂಡವನಿಗೆ ಮಾತ್ರ ಪರರ ನೆಲೆಗೆ ಕೊಡಲು ಏನಾದರೂ ಮಿಗುತ್ತದೆ.