ಬೇರಿನ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುಬ್ಬಿಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದಾನೆ. ಕಳೆದ ವಾರ ತುಮಕೂರಿನ ನಮ್ಮ ಮನೆಗೆ ಕರಪತ್ರ ತಂದು, "ಮೇಡಂ, ಕಾಗುಣಿತ ತಿದ್ದಿಕೊಡಿ" ಎಂದ. ಪೈಥಾನ್ ಎಂಬ ಭಾಷೆ ಕಲಿಸುತ್ತಾನಂತೆ. ಮೇಲೆ ಹೆಡೆಯೆತ್ತಿದ ಹಾವು (ಹೆಬ್ಬಾವಿಗೆ ಹೆಡೆ ಎಲ್ಲಿಯದೋ!), ಕೆಳಗೆ "ನಾಸಾ ಒಪ್ಪಿದ ಸಂಸ್ಕೃತ ಪರಂಪರೆಯ ಭಾಷೆ" ಎಂಬ ಸಾಲು.

ಬೆಂಗಳೂರಿನ ಮಗಳಿಗೆ ಫೋನು ಮಾಡಿದೆ. ನಕ್ಕಳು. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬುವರು, ನಮ್ಮ ವೈಯಾಕರಣರು ವಾಕ್ಯ ಬಿಡಿಸುವ ಕ್ರಮ ಯಂತ್ರಕ್ಕೆ ಅರ್ಥ ತಿಳಿಸುವ ಕ್ರಮಕ್ಕೆ ಹತ್ತಿರವೆಂದು 1985ರಲ್ಲಿ ಲೇಖನ ಬರೆದಿದ್ದರು, ಅಷ್ಟೇ. ಪೈಥಾನಿನ ತಾಯಿ ಬೇರೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರದಲ್ಲಿ ಹೊಸದಾಗಿ ಕಲಿಯುವವರಿಗೆಂದು ಮಾಡಿದ ಎಬಿಸಿ ಎಂಬ ಭಾಷೆ. ಅದರಲ್ಲಿ ದುಡಿದ ಗೀಡೋ ವಾನ್ ರಾಸಮ್, ಸಾಲುಗಳನ್ನು ಒಳಸರಿಸಿ ಬರೆಯುವ ಪದ್ಧತಿಯನ್ನು ಅಲ್ಲಿಂದಲೇ ತೆಗೆದುಕೊಂಡು 1991ರಲ್ಲಿ ಪೈಥಾನನ್ನು ಹೊರತಂದರು. ಆ ಋಣವನ್ನು ಅವರು ಮುಚ್ಚಿಡಲಿಲ್ಲ. ಹೆಸರೂ ಹಾವಿನದಲ್ಲ, ಬಿಬಿಸಿಯ ಹಾಸ್ಯ ಕಾರ್ಯಕ್ರಮದ್ದು. ಆಮೇಲೆ ಹಾವನ್ನೇ ಗುರುತಾಗಿಸಿಕೊಂಡರೆನ್ನಿ.

"ಎಬಿಸಿ ಅಂದ್ರೆ ಯಾರು ಬರ್ತಾರೆ ಮೇಡಂ? ಮೂವತ್ತು ವರ್ಷದ ಹಳೇದು ಅಂದ್ರೆ ಮಕ್ಕಳಿಗೆ ಬೇಡ, ಸಾವಿರಾರು ವರ್ಷದ್ದು ಅಂದ್ರೆ ತಂದೆತಾಯಿಗೆ ಬೇಕು."

ಮಾತು ಸುಳ್ಳಲ್ಲ. ನಮಗೆ ಹಿರಿಯರು ಬೇಕು, ಆದರೆ ದೂರದವರಿರಬೇಕು. ನಿನ್ನೆ ಕೈಹಿಡಿದು ನಡೆಸಿದವರು ಬೇಡ.

ಅವನ ಊರಿನದೇ ಉದಾಹರಣೆ ಕೊಟ್ಟೆ. ಗುಬ್ಬಿ ಕಂಪನಿ ಎಂದರೆ ವೀರಣ್ಣನವರೇ ಹುಟ್ಟುಹಾಕಿದ್ದೆಂದು ಎಷ್ಟೋ ಜನ ತಿಳಿದಿದ್ದಾರೆ. ಕಂಪನಿ ಹುಟ್ಟಿದ್ದು 1884ರಲ್ಲಿ, ವೀರಣ್ಣನವರು 1891ರಲ್ಲಿ. ಮೊದಲು ರಂಗ ಕಟ್ಟಿದವರನ್ನು ನೆನೆದರೆ ವೀರಣ್ಣನವರೇನು ಚಿಕ್ಕವರಾಗುತ್ತಾರೆಯೇ? ಕುಣಿಗಲ್ಲು ಕುದುರೆ ಫಾರಮ್ಮಿಗೆ ಹೆಸರಾದ ಊರು. ರೇಸಿನ ಕುದುರೆ ಮಾರುವಾಗ ಅದರ ತಂದೆತಾಯಿಯ ಹೆಸರು ಹೇಳುವುದು ಆ ಕಸುಬಿನ ರೂಢಿ. ಓಡಬೇಕಾದದ್ದು ಮಾತ್ರ ಮರಿಯೇ.

ಇಷ್ಟು ಹೇಳಿ ನಾನೇ ಸುಮ್ಮನಾದೆ. ಕುಣಿಗಲ್ಲಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಟೀಚರೊಬ್ಬರು ರಟ್ಟಿನಲ್ಲಿ ಕಾಗುಣಿತದ ಚಕ್ರ ಮಾಡುವುದನ್ನು ಕಲಿಸಿದ್ದರು. ಅದಕ್ಕೆ ಬಣ್ಣ ಹಚ್ಚಿ, ಒತ್ತಕ್ಷರದ ಇನ್ನೊಂದು ಸುತ್ತು ಸೇರಿಸಿ, ಪಾಠೋಪಕರಣ ಸ್ಪರ್ಧೆಗೆ ಒಯ್ದು ಬಹುಮಾನ ಪಡೆದೆ. "ಯಾರ ಕಲ್ಪನೆಯಮ್ಮ?" ಎಂದು ಕೇಳಿದಾಗ "ನನ್ನದೇ ಸಾರ್" ಎಂದುಬಿಟ್ಟೆ. ಅವರು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಎಂದಿನಂತೆ ತಮ್ಮ ಡಬ್ಬಿಯ ಉಪ್ಪಿನಕಾಯನ್ನು ನನ್ನ ತಟ್ಟೆಗೆ ಹಾಕಿದರು. ಈಗ ಅವರಿಲ್ಲ.

ಹಾವು ಇರಲೆಂದು ಬಿಟ್ಟು, ನಾಸಾದ ಸಾಲು ಹೊಡೆದುಹಾಕಿ, "ಎಬಿಸಿ ಎಂಬ ಕಲಿಕೆಯ ಭಾಷೆಯಿಂದ ಬೆಳೆದದ್ದು, ಇಂದಿನ ಕೆಲಸಕ್ಕೆ ಒದಗುವಂಥದ್ದು" ಎಂದು ಬರೆದುಕೊಟ್ಟೆ. ಹುಡುಗ ತಲೆ ಕೆರೆದುಕೊಂಡು ಒಯ್ದಿದ್ದಾನೆ. ಅಚ್ಚಾಗಿ ಬಂದಾಗ ಯಾವ ಸಾಲು ಉಳಿದಿರುತ್ತದೋ ನೋಡಬೇಕು.