ಖಚಿತವಾಗದ ಸುದ್ದಿ ಮತ್ತು ಗರ್ಭಿಣಿಯ ಹಕ್ಕು

ಐದನೆಯ ತಿಂಗಳ ಸ್ಕ್ಯಾನಿಂಗ್ ಈಗ ಗರ್ಭಿಣಿಯ ಆರೈಕೆಯ ಒಂದು ಅಂಗವೇ ಆಗಿಬಿಟ್ಟಿದೆ. ಹೆಚ್ಚಿನ ಸಲ ವೈದ್ಯರು ‘ಎಲ್ಲ ಸರಿಯಾಗಿದೆ’ ಎಂದು ಕಳುಹಿಸುತ್ತಾರೆ. ಕೆಲವೊಮ್ಮೆ ಮಾತ್ರ ಮಗುವಿನ ಹೃದಯದಲ್ಲೊಂದು ಬಿಳಿ ಚುಕ್ಕೆ, ಮಿದುಳಿನಲ್ಲೊಂದು ಸಣ್ಣ ನೀರುಗುಳ್ಳೆ ಅಥವಾ ಮೂತ್ರಪಿಂಡದಲ್ಲಿ ತುಸು ಹಿಗ್ಗು ಕಾಣುತ್ತದೆ. ಇವನ್ನು ರೋಗವೆನ್ನುವಂತಿಲ್ಲ, ಪೂರ್ತಿ ಕಡೆಗಣಿಸುವಂತೆಯೂ ಇಲ್ಲ. ಇಂತಹ ಸಂಗತಿಯನ್ನು ಗರ್ಭಿಣಿಗೆ ತಿಳಿಸಬೇಕೇ?

ಬೇಡವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆರೋಗ್ಯವಂತ ಶಿಶುಗಳಲ್ಲಿಯೇ ನೂರಕ್ಕೆ 3ರಿಂದ 5ರಲ್ಲಿ ಆ ಬಿಳಿ ಚುಕ್ಕೆ ಕಾಣುತ್ತದೆ. ಮಿದುಳಿನ ಗುಳ್ಳೆ ಬಹುಪಾಲು 28ನೆಯ ವಾರದೊಳಗೆ ತಾನಾಗಿಯೇ ಮಾಯವಾಗುತ್ತದೆ. ಹೀಗಿರುವಾಗ ತಿಂಗಳುಗಟ್ಟಲೆ ಅವಳ ನಿದ್ದೆ ಕೆಡಿಸುವುದೇಕೆ ಎಂದು ಹಿರಿಯರು ಕೇಳುತ್ತಾರೆ. ಆ ಮಾತಿನಲ್ಲಿ ಕರುಣೆಯಿದೆ.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ವೈದ್ಯರು ಗಂಡನನ್ನು ಒಳಗೆ ಕರೆದು ಹೇಳುತ್ತಾರೆ. ಅವನು ತಾಯಿಗೆ ಹೇಳುತ್ತಾನೆ. ಅವರಿಂದ ನಾದಿನಿಗೆ, ನಾದಿನಿಯಿಂದ ಹುಬ್ಬಳ್ಳಿಯ ಚಿಕ್ಕಮ್ಮನಿಗೆ. ಹೊರಗಿನ ಬೆಂಚಿನ ಮೇಲೆ ಕುಳಿತ ಗರ್ಭಿಣಿ ಎಲ್ಲರ ಮುಖ ನೋಡಿಯೇ ಅರ್ಧ ಊಹಿಸಿರುತ್ತಾಳೆ, ಉಳಿದರ್ಧವನ್ನು ಭಯ ತುಂಬಿಸುತ್ತದೆ. ಅಷ್ಟರಲ್ಲಿ ಗ್ರಹಣದ ದಿನ ಅವಳು ಈಳಿಗೆ ಹಿಡಿದಿದ್ದಳೆಂಬ ಗುಸುಗುಸು ಬೇರೆ! ತಮ್ಮ ಮಗ ಇಬ್ರಾಹೀಮರು ತೀರಿಕೊಂಡ ದಿನವೇ ಗ್ರಹಣವಾದಾಗ, ಯಾರ ಹುಟ್ಟುಸಾವಿಗೂ ಗ್ರಹಣಕ್ಕೂ ಸಂಬಂಧವಿಲ್ಲವೆಂದು ಪ್ರವಾದಿವರ್ಯರು(ಸ) ಜನರಿಗೆ ತಿಳಿಹೇಳಿದ್ದರು. ನಮ್ಮ ಅಡಿಗೆಮನೆಗಳಿಗೆ ಆ ಮಾತು ಇನ್ನೂ ಪೂರ್ತಿ ತಲಪಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಕಂಡದ್ದನ್ನು ಹೇಳಬಾರದೆಂದು ಕಾನೂನೇ ಇದೆಯೆಂದು ಕೆಲವರು ನಂಬಿದ್ದಾರೆ. 1994ರ ಕಾನೂನು ನಿಷೇಧಿಸಿರುವುದು ಭ್ರೂಣದ ಲಿಂಗವನ್ನು ತಿಳಿಸುವುದನ್ನು. ಮಗುವಿನ ಆರೋಗ್ಯದ ಬಗ್ಗೆ ತಾಯಿಗೆ ಹೇಳುವುದಕ್ಕೆ ಅದು ಅಡ್ಡಿಯಲ್ಲ.

ಈಗ ಮೂತ್ರಪಿಂಡದ ಹಿಗ್ಗನ್ನೇ ತೆಗೆದುಕೊಳ್ಳೋಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೂಲಿ ಪಡೆಯುವ ಒಬ್ಬ ಸೊಸೆ ರಾಣೆಬೆನ್ನೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡಳೆಂದು ಭಾವಿಸಿ. ವೈದ್ಯರು ಕಂಡದ್ದನ್ನು ಗಂಡನಿಗಷ್ಟೇ ಹೇಳಿದರು. ಏಳನೆಯ ತಿಂಗಳಲ್ಲಿ ಅವಳು ಚೊಚ್ಚಲ ಹೆರಿಗೆಗೆ ಹಾವೇರಿಯ ತವರಿಗೆ ಹೋದಳು. ಅಲ್ಲಿಯ ವೈದ್ಯರಿಗೆ ಏನೂ ಗೊತ್ತಿಲ್ಲ. ಈ ಹಿಗ್ಗು ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ನಿಜ. ಆದರೆ 32ನೆಯ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ನೋಡಬೇಕು, ಇಳಿಯದಿದ್ದರೆ ಹೆರಿಗೆಯ ನಂತರ ಮಗುವಿಗೂ ಪರೀಕ್ಷೆಯಾಗಬೇಕು. ಕೆಲವು ಮಕ್ಕಳಲ್ಲಿ ಮೂತ್ರದ ಹಾದಿಗೆ ತಡೆಯಿರುತ್ತದೆ. ಅಂತಹ ಮಗುವಿಗೆ ಮೂರನೆಯ ತಿಂಗಳಲ್ಲಿ ಜ್ವರ ಬಂದರೆ ಸಾಮಾನ್ಯ ಜ್ವರವೆಂದು ಔಷಧಿ ಕೊಡಿಸುತ್ತಾರೆ, ಒಳಗೆ ಮೂತ್ರಪಿಂಡ ಹಾಳಾಗುತ್ತಿರುತ್ತದೆ. ‘ಹೊಟ್ಟೆಯಲ್ಲಿದ್ದಾಗಲೇ ಕಿಡ್ನಿ ಹಿಗ್ಗಿದೆ ಅಂದಿದ್ರು ಡಾಕ್ಟರೇ’ ಎಂದು ಹೇಳಬಲ್ಲವಳು ತಾಯಿಯೊಬ್ಬಳೇ. ಊರು ಬದಲಾದರೂ, ವೈದ್ಯರು ಬದಲಾದರೂ ಮಗುವಿನ ಜೊತೆಗಿರುವವಳು ಅವಳು. ಅವಳ ಕಿವಿಗೆ ಬೀಳದ ಸತ್ಯ ಮಗುವಿನ ಉಪಯೋಗಕ್ಕೆ ಬರುವುದಿಲ್ಲ.

ಗರ್ಭಗಳಲ್ಲಿರುವುದನ್ನು ಬಲ್ಲವನು ಅಲ್ಲಾಹನು (ಪವಿತ್ರ ಕುರ್‌ಆನ್ 31:34), ನಾವು ಇಣುಕುವುದೇಕೆ ಎಂದು ಕೇಳುವವರೂ ಇದ್ದಾರೆ. ಯಂತ್ರ ತೋರಿಸುವುದು ನೆರಳನ್ನು. ಆ ಮಗುವಿನ ಆಯುಷ್ಯ, ಅನ್ನ, ಅದೃಷ್ಟ ಅದರ ಕಣ್ಣಿಗೆ ಬೀಳುವುದಿಲ್ಲ. ‘ಇದು ಖಚಿತವಲ್ಲ’ ಎಂದು ಬಾಯಿಬಿಟ್ಟು ಹೇಳುವ ವೈದ್ಯನು ಆ ಮಿತಿಯನ್ನೇ ಒಪ್ಪಿಕೊಳ್ಳುತ್ತಾನೆ. ಅರಿವಿಲ್ಲದ್ದರ ಬೆನ್ನುಹತ್ತಬಾರದೆಂಬ ಆಜ್ಞೆ (17:36) ಎರಡು ಕಡೆಗೂ ಅನ್ವಯಿಸುತ್ತದೆ: ಚುಕ್ಕೆಯನ್ನು ರೋಗವೆಂದು ಸಾರುವವನಿಗೂ, ಚುಕ್ಕೆಯೇ ಇಲ್ಲವೆಂದು ನಟಿಸುವವನಿಗೂ.

ಕಾಲದ ಪ್ರಶ್ನೆಯೂ ಇದೆ. 120 ದಿನಗಳಿಗೆ ಭ್ರೂಣದಲ್ಲಿ ಆತ್ಮ ಊದಲಾಗುತ್ತದೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ವೈದ್ಯರ ಲೆಕ್ಕದಲ್ಲಿ ಅದು ಸುಮಾರು 19ನೆಯ ವಾರ, ಅಂದರೆ ಈ ಸ್ಕ್ಯಾನಿಂಗ್‌ನ ಹೊತ್ತೇ. ಮಕ್ಕಾದ ರಾಬಿತಾದ ಫಿಕ್ಹ್ ಸಮಿತಿಯು 1990ರಲ್ಲಿ, ಗಂಭೀರವಾದ, ಚಿಕಿತ್ಸೆಯಿಲ್ಲದ ವಿಕಲತೆಯನ್ನು ನಂಬಿಕಸ್ಥ ತಜ್ಞರ ಸಮಿತಿ ದೃಢಪಡಿಸಿದರೆ ಮಾತ್ರ ಆ ಅವಧಿಯೊಳಗೆ ಗರ್ಭಪಾತಕ್ಕೆ ಅವಕಾಶವಿದೆಯೆಂದು ತೀರ್ಮಾನಿಸಿತು. ಅನಂತರ ತಾಯಿಯ ಜೀವಕ್ಕೆ ಅಪಾಯವಿದ್ದರಷ್ಟೇ. ನಮ್ಮ ದೇಶದ ಕಾನೂನಿನ ಅವಧಿ ಬೇರೆ. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಮಹಿಳೆಯರಿಗೆ ಅದು 24 ವಾರ. ಒಂದು ಬಿಳಿ ಚುಕ್ಕೆ ‘ದೃಢಪಟ್ಟ ವಿಕಲತೆ’ ಆಗಲಾರದು. ಇದನ್ನೂ ಸೇರಿಸಿ ಹೇಳದಿದ್ದರೆ ಹೆದರಿದ ಮನೆಯವರು ಅವಸರದಲ್ಲಿ ತಪ್ಪು ಹೆಜ್ಜೆ ಇಟ್ಟಾರು. ನಿಜವಾದ ತೊಂದರೆಯ ಗುರುತಾಗಿದ್ದರೆ, ಮುಚ್ಚಿಟ್ಟ ಎರಡು ವಾರ ಮತ್ತೆ ಸಿಗುವುದಿಲ್ಲ.

ಹೇಗೆ ಹೇಳಬೇಕು? ಅವಳ ಭಾಷೆಯಲ್ಲಿ. ಮನೆಯಲ್ಲಿ ದಖನಿ, ಪೇಟೆಯಲ್ಲಿ ಕನ್ನಡ ಆಡುವವಳಿಗೆ ರಿಪೋರ್ಟು ಇಂಗ್ಲಿಷಿನಲ್ಲಿ! ಕಂಡದ್ದೇನು, ಹೀಗೆ ಕಂಡ ಮಕ್ಕಳಲ್ಲಿ ಎಷ್ಟೋ ಮಂದಿ ಆರೋಗ್ಯವಾಗಿ ಹುಟ್ಟುತ್ತಾರೆ, ಮುಂದಿನ ಪರೀಕ್ಷೆ ಯಾವಾಗ, ಅದಕ್ಕೆ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಬೇಕೇ, ಇಷ್ಟನ್ನು ಐದು ನಿಮಿಷದಲ್ಲಿ ಹೇಳಬಹುದು. ಪರೀಕ್ಷೆಗೆ ಮೊದಲೇ ‘ಏನಾದರೂ ಸಂಶಯ ಬಂದರೆ ನಿಮಗೇ ಹೇಳಲೇ?’ ಎಂದು ಕೇಳುವುದು ಇನ್ನೂ ಉತ್ತಮ. ‘ನನ್ನ ಯಜಮಾನರಿಗೆ ಹೇಳಿ’ ಎಂದರೆ ಅದು ಅವಳದೇ ಆಯ್ಕೆ. ಏನೂ ಅರ್ಥವಿಲ್ಲದ ಗುರುತೆಂದು ಬಲ್ಲ ವೈದ್ಯರು ಅದನ್ನು ಬರೆಯದೆ ಬಿಟ್ಟರೆ ನಾನು ಆಕ್ಷೇಪಿಸಲಾರೆ. ಬರೆದ ಮೇಲೆ ಮಾತ್ರ ವಿವರಿಸಲೇಬೇಕು. ಇಲ್ಲವಾದರೆ ಆ ಕೆಲಸವನ್ನು ಔಷಧಿ ಅಂಗಡಿಯ ಹುಡುಗ ಮಾಡುತ್ತಾನೆ.

ಇನ್ನೊಂದು ಮಾತನ್ನು ಗಂಡಂದಿರಿಗೆ ಹೇಳಬೇಕಿದೆ. ಹೆಂಡತಿ ತವರಿಗೆ ಹೊರಡುವಾಗ ಸೀರೆ, ಖರ್ಜೂರದ ಜೊತೆಗೆ ಸ್ಕ್ಯಾನಿಂಗ್ ರಿಪೋರ್ಟೂ ತಾಯಿ ಕಾರ್ಡೂ ಅವಳ ಚೀಲದಲ್ಲಿರಲಿ. ಕಂಡದ್ದೇನೆಂಬುದನ್ನು ಆ ಕಾರ್ಡಿನಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆಸಿಕೊಂಡು ಬನ್ನಿ.